ಎಣ್ಣೆಡಬ್ಬಿಯ ಇನ್ನೂರ ಹನ್ನೆರಡು ಸದ್ದುಗಳು

ಶನಿವಾರ, ಮಾರ್ಚ್ ೧೪

ಪ್ರೀತಿಯ ಅಕ್ಕ,

ನಿನ್ನ ಬಿಚ್ಚಪ್ಪನ ನಮಸ್ಕಾರಗಳು. ಏಳು ತಿಂಗಳಿಂದ ಒಂದು ಸಾಲೂ ಬರೆಯದ ತಮ್ಮ ಇದ್ದಕ್ಕಿದ್ದಂತೆ ಇಷ್ಟು ದಪ್ಪದ ಲಕೋಟೆ ಕಳಿಸಿದ್ದಾನೆಂದರೆ ಏನೋ ಎಡವಟ್ಟು ಮಾಡಿಕೊಂಡಿರಬೇಕು ಎಂದು ನೀನು ಈಗಾಗಲೇ ಹುಬ್ಬು ಗಂಟಿಕ್ಕಿರುತ್ತೀಯ. ಮೊದಲು ಬೈದು ಮುಗಿಸು, ನಾನು ಕಾಯುತ್ತೇನೆ. ತಪ್ಪು ನನ್ನದೇ. ಕೆಲಸ ಜಾಸ್ತಿ ಎನ್ನುವ ನೆಪ ನಿನ್ನ ಹತ್ತಿರ ನಡೆಯುವುದಿಲ್ಲ ಎಂದು ಗೊತ್ತು.

ಮೆಲ್ಲಗೆ ಪೀಠಿಕೆ ಹಾಕಿ ಹೇಳಬೇಕು ಅಂದುಕೊಂಡಿದ್ದೆ, ತಡೆದುಕೊಳ್ಳಲು ಆಗುತ್ತಿಲ್ಲ. ಅಕ್ಕ, ಭಾವನ ಧ್ವನಿ ಸಿಕ್ಕಿತು! ಒಂದಲ್ಲ, ಎರಡಲ್ಲ, ಇನ್ನೂರ ಹನ್ನೆರಡು! ಬುಧವಾರದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹಾಗಾದರೆ ಫೋನ್ ಮಾಡಲು ಏನಾಗಿತ್ತು ಎಂದು ಕೇಳುತ್ತೀಯ. ಎರಡು ಸಲ ನಿನ್ನ ನಂಬರು ಒತ್ತಿದೆ, ಎರಡು ಸಲವೂ ಗಂಟೆ ಹೊಡೆಯುವ ಮೊದಲೇ ಇಟ್ಟುಬಿಟ್ಟೆ. ಕೆಲವು ಮಾತಿಗೆ ಕಾಗದವೇ ಸರಿ.

ಇದನ್ನು ನಿನ್ನ ಮಗಳೂ ಓದಲಿ ಎಂದು ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮಾಮ ಕಂಪ್ಯೂಟರಿನಲ್ಲಿ ಏನೋ ಮಾಡುತ್ತಾನೆ ಎಂದಷ್ಟೇ ಅವಳು ಗೆಳತಿಯರಿಗೆ ಹೇಳುವುದಂತೆ. ಮಾಮ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಾನೆ ಎಂದು ಹೇಳಲಿ. ಜನ ಹರಟುವ, ಫೋಟೋ ಹಾಕುವ ಜಾಲತಾಣಗಳೆಲ್ಲ ಒಂದೊಂದು ದೊಡ್ಡ ಕಂಪನಿಯ ಅಂಗಳದಲ್ಲಿವೆಯಲ್ಲ, ಅಲ್ಲಿ ಯಾವಾಗ ಯಾರನ್ನು ಹೊರಗೆ ಹಾಕುತ್ತಾರೋ ಹೇಳಲಾಗದು. ನಮ್ಮದು ಹಾಗಲ್ಲ. ಒಂದು ಗುಂಪಿಗೆ ಒಂದು ಮನೆ, ಅಂದರೆ ಅವರದ್ದೇ ಒಂದು ಸರ್ವರ್. ಮನೆಯ ನಿಯಮ ಅವರದ್ದು, ಬೀಗ ಅವರದ್ದು. ಆದರೂ ಎಲ್ಲ ಮನೆಯವರೂ ಎಲ್ಲ ಮನೆಯವರ ಜೊತೆ ಮಾತಾಡಬಹುದು. ಗೋಡೆ ಬಿರುಕು ಬಿಡದಂತೆ, ಕಳ್ಳರು ನುಗ್ಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ, ಅದಕ್ಕೇ ವರ್ಷದ ಬಾಡಿಗೆ. ಭಾವನಿಗೆ ಇದನ್ನೆಲ್ಲ ಅರ್ಧ ಗಂಟೆ ವಿವರಿಸಿದಾಗ ಅವರು ಏನೆಂದರು, ನೆನಪಿದೆಯಾ? "ಅಂದ್ರೆ ನಮ್ಮನೆ ಕಿಟಕೀಲಿ ನಿಂತು ಪಕ್ಕದ್ಮನೆಯವರ ಜೊತೆ ಮಾತಾಡೋದು ತಾನೆ? ಅಷ್ಟು ಹೇಳೋಕೆ ಇಷ್ಟು ಹೊತ್ತು ಬೇಕಿತ್ತೇನೋ?"

ಈಗ ನಮ್ಮಲ್ಲಿ ಎಪ್ಪತ್ಮೂರು ಮನೆಗಳಿವೆ ಅಕ್ಕ. ನಾಯಿ ಸಾಕುವವರದ್ದು ಒಂದು, ನಿವೃತ್ತ ದಾದಿಯರದ್ದು ಒಂದು, ಕಾಲ್ಚೆಂಡಿನ ರೆಫರಿಗಳದ್ದು ಒಂದು. ರೆಫರಿಗಳ ಮನೆಯಲ್ಲಿ ಎಷ್ಟು ಜಗಳವೆಂದರೆ ಅಲ್ಲಿ ಸೀಟಿ ಊದಲು ಇನ್ನೊಬ್ಬ ರೆಫರಿ ಬೇಕು. ಕಚೇರಿ ಈಗಲೂ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಅದೇ ಕೋಣೆ. ಕೆಳಗೆ ಇಸ್ತ್ರಿ ಶುರುವಾದರೆ ನಮ್ಮ ನೆಲ ಬೆಚ್ಚಗಾಗುತ್ತದೆ. ಬಂದವರೆಲ್ಲ ಯಂತ್ರಗಳೆಲ್ಲಿ ಎಂದು ಹುಡುಕುತ್ತಾರೆ. ಅವು ದೂರದ ಒಂದು ತಣ್ಣನೆಯ ಕಟ್ಟಡದಲ್ಲಿವೆ, ಇಲ್ಲಿರುವುದು ಎರಡು ಮೇಜು, ಒಂದು ಕಾಫಿ ಫ್ಲಾಸ್ಕು ಮತ್ತು ನಮ್ಮ ಬೀಗದಮ್ಮ. ಅದೇ, ನನ್ನ ಪಾಲುದಾರಳು, ಮೊದಲು ಗಣಿತದ ಟೀಚರಾಗಿದ್ದವಳು. ಎಲ್ಲ ಮನೆಗಳ ಭದ್ರತೆ ಅವಳದ್ದು. ತಪ್ಪು ಉತ್ತರ ಬರೆದ ಮಗುವನ್ನು ನೋಡುವ ಹಾಗೆ ಈಗಲೂ ನನ್ನನ್ನು ನೋಡುತ್ತಾಳೆ.

ಭಾವನ ಮನೆ ನಮ್ಮ ನಾಲ್ಕನೆಯ ಮನೆ. ಹೊಲಿಗೆ ಯಂತ್ರ ರಿಪೇರಿ ಮಾಡುವವರಿಗೆಂದು ಕಟ್ಟಿಸಿಕೊಂಡು "ಎಣ್ಣೆಡಬ್ಬಿ" ಎಂದು ಹೆಸರಿಟ್ಟರು. ದಿನಾ ಬೆಳಿಗ್ಗೆ ಅಂಗಡಿಗೆ ಬಂದ ಯಾವುದಾದರೂ ಯಂತ್ರದ ಸದ್ದನ್ನು ಫೋನಿನಲ್ಲಿ ಹಿಡಿದು, ಅದರ ಕಾಯಿಲೆ ಏನೆಂದು ತಮ್ಮದೇ ಧಾಟಿಯಲ್ಲಿ ಹೇಳಿ ಹಾಕುತ್ತಿದ್ದರು. ಎಲ್ಲೆಲ್ಲಿಯವರೋ ಕೇಳುತ್ತಿದ್ದರು. ಅವರು ಹೋದರು. ಆರು ತಿಂಗಳಿಗೆ ಎಣ್ಣೆಡಬ್ಬಿಯೂ ಹೋಯಿತು. ಒಂದು ಮನೆ ಮುಚ್ಚುವಾಗ ಅದು ಪರಿಚಯದ ಮನೆಗಳಿಗೆಲ್ಲ ಒಂದು ಚೀಟಿ ಕಳಿಸುತ್ತದೆ, ನನ್ನದೇನಾದರೂ ನಿಮ್ಮಲ್ಲಿದ್ದರೆ ಅಳಿಸಿಬಿಡಿ ಎಂದು. ಮುಚ್ಚಿದ ಮನೆಯ ಪ್ರತಿಯನ್ನು ನಾವೂ ಇಟ್ಟುಕೊಳ್ಳುವುದಿಲ್ಲ. ನಮ್ಮನ್ನು ನಂಬಿ ಜನ ಬರುವುದೇ ಆ ಮಾತಿಗೆ, ದೊಡ್ಡಕ್ಷರದಲ್ಲಿ ಬರೆದು ಹಾಕಿಕೊಂಡಿದ್ದೇವೆ. ಹಾಗಾಗಿ ಎಲ್ಲೂ ಏನೂ ಉಳಿದಿಲ್ಲ ಎಂದೇ ನೀನೂ ನಾನೂ ಮೂರು ವರ್ಷ ಅಂದುಕೊಂಡಿದ್ದೆವು.

ಈಗ ಕೇಳು. ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ದಡಬಡ ಸದ್ದು. ಒಬ್ಬ ಹೆಂಗಸು ತರಕಾರಿ ತರುವ ಗಾಲಿಚೀಲದಲ್ಲಿ ಒಂದು ಹಳೆಯ ಕಂಪ್ಯೂಟರನ್ನು ಎಳೆದುಕೊಂಡು ಬಂದಳು. ಪುಸ್ತಕಕ್ಕೆ ರಟ್ಟು ಕಟ್ಟುವವಳು. ಕೈಕೆಲಸದವರಿಗೆಂದು ತನ್ನ ಮನೆಯಲ್ಲೇ ಒಂದು ಸರ್ವರ್ ನಡೆಸುತ್ತಿದ್ದಳಂತೆ. "ನನ್ ಕೈಲಿ ಇನ್ನಾಗಲ್ಲ. ನೀವೇ ಸಾಕ್ಕೊಳ್ಳಿ ಇದನ್ನ" ಎಂದು ಬೆಕ್ಕಿನ ಮರಿ ಒಪ್ಪಿಸುವ ಹಾಗೆ ಮೇಜಿನ ಮೇಲೆ ಇಟ್ಟಳು. ತಂತಿಯ ಮೂಲಕವೇ ಕಳಿಸಬಹುದಿತ್ತಲ್ಲಾ ಎಂದೆ. "ನಮ್ಮನೆ ಇಂಟರ್ನೆಟ್ಟಲ್ಲಿ ಕಳ್ಸಿದ್ರೆ ನಿಮಗೆ ಮುಂದಿನ್ ವರ್ಷ ಸಿಗೋದು" ಎಂದಳು.

ಬಿಚ್ಚಿ ನೋಡಿದರೆ ಅದರ ಹೊಟ್ಟೆ ಒಡೆಯುವಷ್ಟು ತುಂಬಿತ್ತು. ಬೇರೆ ಮನೆಗಳಿಂದ ಬಂದ ಚಿತ್ರ, ಧ್ವನಿಗಳ ನಕಲನ್ನು ವಾರಕ್ಕೊಮ್ಮೆ ಗುಡಿಸಿ ಹಾಕಬೇಕು. ಈಕೆ ಐದು ವರ್ಷದಿಂದ ಪೊರಕೆಯನ್ನೇ ಮುಟ್ಟಿಲ್ಲ! ಬೀಗದಮ್ಮ ತಲೆ ಚಚ್ಚಿಕೊಂಡಳು. ಎಲ್ಲವನ್ನೂ ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳಲು ಎರಡು ದಿನ ಹಿಡಿಯಿತು. ಬುಧವಾರ ಹನ್ನೊಂದು ಗಂಟೆಗೆ ಗುಡಿಸಲು ಕೂತೆ. ಉತ್ತರ ಕೊಡದೆ ವರ್ಷ ಕಳೆದ ಮನೆಗಳ ಪಟ್ಟಿ ತೆಗೆದು, ಅವುಗಳದ್ದೆಲ್ಲ ಒಟ್ಟಿಗೆ ಅಳಿಸುವುದು ನಮ್ಮ ಕ್ರಮ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಆದರೆ ಏನನ್ನೇ ಅಳಿಸುವ ಮೊದಲು ಹೆಸರನ್ನು ಗಟ್ಟಿಯಾಗಿ ಓದುವ ಅಭ್ಯಾಸ ನನಗೆ, ಮೂರು ವರ್ಷದಿಂದ. "ಹಾಜರಿ ಶುರುವಾಯ್ತಾ ಮೇಷ್ಟ್ರೇ?" ಎಂದು ಬೀಗದಮ್ಮ ಗೇಲಿ ಮಾಡುತ್ತಾಳೆ. ಪಟ್ಟಿಯಲ್ಲಿ ಮುನ್ನೂರಕ್ಕೂ ಹೆಚ್ಚು ಹೆಸರು. ನಲವತ್ತನೆಯದೋ ನಲವತ್ತೊಂದನೆಯದೋ ಓದುವಾಗ ನನ್ನ ಬಾಯಿಂದ "ಎಣ್ಣೆಡಬ್ಬಿ" ಎಂದು ಬಂತು.

ಕೈಯನ್ನು ಕೀಲಿಮಣೆಯಿಂದ ಎತ್ತಿ ತಲೆಯ ಮೇಲಿಟ್ಟುಕೊಂಡೆ, ಎಲ್ಲಿ ತಾನಾಗಿ ಒತ್ತಿಬಿಡುತ್ತದೋ ಎಂದು. ಬೀಗದಮ್ಮ ನನ್ನ ಮುಖ ನೋಡಿ ಎದ್ದು ಬಂದಳು. ಎಣ್ಣೆಡಬ್ಬಿಯ ಕೆಳಗೆ ಇನ್ನೂರ ಹನ್ನೆರಡು ಧ್ವನಿ ಕಡತಗಳು ಸಾಲಾಗಿ ಕೂತಿದ್ದವು. ನಾನು ಮೊದಲನೆಯದನ್ನು ತೆರೆಯಲು ಹೋದೆ. ಅವಳು ಪರದೆಗೆ ಅಡ್ಡ ಕೈ ಇಟ್ಟಳು.

"ಬಾಡಿಗೆಯವರ ಕೋಣೆ ಅದು. ಅವ್ರನ್ನ ಕೇಳಿ ತೆರಿ."

"ನಮ್ ಭಾವ ಕಣೇ!"

"ಯಾರೇ ಆಗ್ಲಿ. ಕೇಳಿ ತೆರಿ."

ಸಿಟ್ಟು ನೆತ್ತಿಗೇರಿತು, ಆದರೆ ಅವಳು ಹೇಳಿದ್ದು ಸರಿ. ಫೋನ್ ಮಾಡಿದರೆ ರಟ್ಟಿನಮ್ಮ ಎತ್ತಬೇಕಲ್ಲ! ಐದು ಸಲ ಮಾಡಿ, ಕೊನೆಗೆ ಬಸ್ಸು ಹತ್ತಿ, ಸೇತುವೆ ದಾಟಿ, ಬೀಗ ರಿಪೇರಿಯವನ ಹತ್ತಿರ ವಿಳಾಸ ಕೇಳಿಕೊಂಡು ಅವಳ ಕಾರ್ಖಾನೆಗೆ ಹೋದೆ. ಕಾರ್ಖಾನೆ ಎಂದರೆ ಒಂದು ಉದ್ದನೆಯ ಮೇಜು, ಕಾಗದ ಕತ್ತರಿಸುವ ಯಂತ್ರ, ಮೂಲೆಯಲ್ಲಿ ಕಪ್ಪು ಬಣ್ಣದ ಹಳೆಯ ಹೊಲಿಗೆ ಯಂತ್ರ. ಅವಳ ಎರಡೂ ಕೈ ಅಂಟಿನಲ್ಲಿ ಮುಳುಗಿತ್ತು. ಓಡಿ ಬಂದ ಏದುಸಿರಿನಲ್ಲೇ ಎಲ್ಲ ಹೇಳಿದೆ.

"ಎಣ್ಣೆಡಬ್ಬಿಯವ್ರು ನಿಮ್ ಭಾವಾನಾ?" ಎಂದಳು. ಆಮೇಲೆ ಗದ್ದದಿಂದ ಆ ಹೊಲಿಗೆ ಯಂತ್ರವನ್ನು ತೋರಿಸಿದಳು. ಅದು ದಾರ ತಿನ್ನುತ್ತಿತ್ತಂತೆ. ಮೂರು ಜನ ರಿಪೇರಿಯವರು ಗುಜರಿಗೆ ಹಾಕಿ ಎಂದಿದ್ದರಂತೆ. ಇವಳು ಅದರ ಸದ್ದನ್ನು ಭಾವನಿಗೆ ಕಳಿಸಿದಳು, ಅವರು ಕೇಳಿಯೇ ಯಾವ ತಿರುಪು ಸಡಿಲ ಎಂದು ಹೇಳಿದರು. ಅವತ್ತಿನಿಂದ ಅವರು ಹಾಕಿದ್ದೆಲ್ಲ ಇವಳ ಕಂಪ್ಯೂಟರಿಗೆ ಬಂದು ಬೀಳುತ್ತಿತ್ತು. ಹಾಗಾದರೆ ಅಳಿಸಿ ಎನ್ನುವ ಚೀಟಿ ನಿಮಗೆ ಬರಲಿಲ್ಲವೇ ಎಂದು ಕೇಳಿದೆ, ತಿಂಗಳು ವರ್ಷ ಎಲ್ಲ ಹೇಳಿದೆ. ಅವಳು ಲೆಕ್ಕ ಹಾಕಿ ನಗಲು ಶುರುಮಾಡಿದಳು. "ಆವಾಗ್ಲೇ ನಾವು ಈ ಮನೆಗೆ ಬಂದಿದ್ದು. ಎರಡು ತಿಂಗ್ಳು ಕಂಪ್ಯೂಟರ್ ರಟ್ಟಿನ ಪೆಟ್ಟಿಗೇಲೇ ಇತ್ತು. ಪೆಟ್ಟಿಗೆ ಬಿಚ್ಚೋಕೆ ಸೋಮಾರಿತನ ನನಗೆ!"

ಅರ್ಥವಾಯಿತಾ ಅಕ್ಕ? ಚೀಟಿ ಬಂದು ಬಾಗಿಲು ತಟ್ಟಿದೆ, ಮನೆಯವರೇ ಪೆಟ್ಟಿಗೆಯೊಳಗೆ. ಕೆಲವು ದಿನ ತಟ್ಟಿ, ಸುಸ್ತಾಗಿ ಹೊರಟುಹೋಗಿದೆ. ಗುಡಿಸದ ಸೋಮಾರಿತನ ಒಂದು, ಬಿಚ್ಚದ ಸೋಮಾರಿತನ ಇನ್ನೊಂದು. ನಾನು ಹನ್ನೆರಡು ವರ್ಷದಿಂದ ಗಿರಾಕಿಗಳನ್ನು ಯಾವುದಕ್ಕೆ ಬೈಯುತ್ತಾ ಬಂದಿದ್ದೇನೋ ಅದಕ್ಕೇ ಕೈಮುಗಿದು ನಿಂತೆ. "ತೆಗೀರಿ, ಕೇಳಿ, ಎಲ್ಲಾ ತಗೊಂಡ್ಹೋಗಿ. ನನ್ನ ಸೋಮಾರಿತನಕ್ಕೆ ಥ್ಯಾಂಕ್ಸ್ ಹೇಳಿದ ಮೊದಲನೇ ಮನುಷ್ಯ ನೀವು" ಎಂದಳು. ಒಂದು ಚೀಟಿಯಲ್ಲಿ ಬರೆದೂ ಕೊಟ್ಟಳು, ಅಂಟಿನ ಹೆಬ್ಬೆರಳಿನ ಗುರುತು ಸಮೇತ. ಬೀಗದಮ್ಮ ಅದನ್ನು ಕಡತಕ್ಕೆ ಸೇರಿಸಿದ್ದಾಳೆ.

ಕಚೇರಿಗೆ ಮರಳಿ ಬುಧವಾರ ಸಂಜೆ ಪೂರ್ತಿ ಕೇಳಿದೆವು. ಗಣಿತದ ಟೀಚರ್ ಕರವಸ್ತ್ರ ಹುಡುಕಿದಳು ಎಂದರೆ ನೀನು ನಂಬಬೇಕು. ತೊಂಬತ್ತನೆಯದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಮೊದಲು ಯಂತ್ರದ ಟಕಟಕ. ಆಮೇಲೆ ಭಾವ: "ಕೇಳಿಸ್ಕೊಳ್ಳಿ, ನಾಲ್ಕು ಹೆಜ್ಜೆ ಸರಿಯಾಗಿಡುತ್ತೆ, ಐದನೇದಕ್ಕೆ ಕುಂಟುತ್ತೆ. ಈಯಮ್ಮನಿಗೆ ಬೇಕಾಗಿರೋದು ಎಣ್ಣೆ ಅಲ್ಲ, ರಜಾ." ಹಿಂದಿನಿಂದ ನೀನು: "ರೀ, ಯಂತ್ರದ ಹೊಟ್ಟೆ ನೋಡಿದ್ದು ಸಾಕು, ನಿಮ್ಮ ಹೊಟ್ಟೆ ನೋಡ್ಕೊಳ್ಳಿ. ತಿಂಡಿ ಆರಿ ಹೋಗ್ತಿದೆ!" ಭಾವ ದನಿ ತಗ್ಗಿಸಿ: "ಈಗ ಕೇಳಿಸ್ತಲ್ಲ, ಇದು ನಮ್ಮನೆ ಯಂತ್ರ. ಮೂವತ್ತು ವರ್ಷ ಆಯ್ತು, ಒಂದು ದಿನಾನೂ ಕೆಟ್ಟಿಲ್ಲ. ಬರ್ತೀನಿ."

ಲಕೋಟೆಯಲ್ಲಿರುವ ಚಿಕ್ಕ ಪೆನ್‌ಡ್ರೈವಿನಲ್ಲಿ ಎಲ್ಲವೂ ಇವೆ. ಮಗಳು ಹಾಕಿ ಕೊಡುತ್ತಾಳೆ. ಹಳೆಯ ವಿಳಾಸದಲ್ಲಿ ಎಣ್ಣೆಡಬ್ಬಿ ಮತ್ತೆ ಎದ್ದು ನಿಲ್ಲುವುದಿಲ್ಲ, ಅದರ ಕೀಲಿಗಳು ಹೋದವು. ನೀನು ಹೂಂ ಎಂದರೆ ಹೊಸ ವಿಳಾಸದಲ್ಲಿ ಒಂದು ಮನೆ ಕಟ್ಟಿ ಇವನ್ನೆಲ್ಲ ಇಡುತ್ತೇನೆ. ರಿಪೇರಿಯವರು ಬಂದು ಕೇಳಲಿ. ಬೇಡವೆಂದರೆ ನಿನ್ನ ಬಳಿ ಮಾತ್ರ ಇರಲಿ. ತೀರ್ಮಾನ ನಿನ್ನದು, ನಾನು ಬಾಯಿ ಹಾಕುವುದಿಲ್ಲ.

ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಹತ್ತುವವಳು ನೀನು. ಮಗಳಿಗೆ ಪರೀಕ್ಷೆ ಹತ್ತಿರ ಬಂತಲ್ಲ, ಅವಳಿಗೆ ಒಳ್ಳೆಯದಾಗಲಿ, ಮಾಮನ ತುಂಬು ಹಾರೈಕೆ ಅವಳ ಮೇಲಿದೆ ಎಂದು ಹೇಳು. ನನಗೆ ನಿನ್ನ ಆಶೀರ್ವಾದ ಬೇಕು, ಈ ಸಲ ಯಾವತ್ತಿಗಿಂತ ಹೆಚ್ಚು.

ನಿನ್ನ ತಮ್ಮ,
ಬಿಚ್ಚಪ್ಪ

ತಾ.ಕ.: ಅಕ್ಕ, ಕಾಗದ ತೆಗೆದುಕೊಂಡದ್ದೇ ಇದನ್ನು ಬರೆಯಲು. ಮೇಲಿನ ಪುಟಗಳಲ್ಲಿ "ಎಣ್ಣೆಡಬ್ಬಿಯೂ ಹೋಯಿತು" ಎಂದು ಜಾರಿಕೊಂಡೆ. ಅದು ತಾನಾಗಿ ಹೋಗಲಿಲ್ಲ, ನಾನು ಅಳಿಸಿದೆ. ಪರೀಕ್ಷೆಗೆಂದು ಕಟ್ಟಿದ್ದ ಒಂದು ಖಾಲಿ ಮನೆಯನ್ನು ಮುಚ್ಚುವುದಿತ್ತು. ಪರದೆಯ ಮೇಲೆ ಪಕ್ಕದ ಕಿಟಕಿಯಲ್ಲಿ ಭಾವನ ಮನೆ ತೆರೆದಿತ್ತು. ಯಾವುದೋ ಗಿರಾಕಿಯ ಜೊತೆ ಫೋನಿನಲ್ಲಿ ನಗುತ್ತಾ ತಪ್ಪು ಕಿಟಕಿಯಲ್ಲಿ ಆಜ್ಞೆ ಕೊಟ್ಟೆ. ಖಚಿತವೇ ಎಂದು ಅದು ಕೇಳಿತು. ದಿನಕ್ಕೆ ಇಪ್ಪತ್ತು ಸಲ ಹೌದು ಎನ್ನುವ ಕೈ ಹೌದು ಎಂದಿತು. ಬೀಗದಮ್ಮನಿಗೂ ಹೇಳಲಿಲ್ಲ. ಹೆಸರು ಗಟ್ಟಿಯಾಗಿ ಓದುವ ಅಭ್ಯಾಸ ಅವತ್ತಿನದು.

ಬಾಡಿಗೆ ಮುಂದುವರಿಸುತ್ತೀರಾ ಎಂದು ನಮ್ಮ ಕಚೇರಿಯಿಂದ ನಿನಗೆ ಬಂದಿತ್ತಲ್ಲ ಒಂದು ಕಾಗದ, ಅದು ಎಲ್ಲರಿಗೂ ಹೋಗುವ ಕಾಗದ. ಉತ್ತರ ಬರದಿದ್ದರೆ ಮನೆ ಮುಚ್ಚುವ ಆ ನಿಯಮವನ್ನು ಭಾವನ ಮನೆಗೆ ನಾನು ಯಾವತ್ತೂ ಹಚ್ಚಿರಲಿಲ್ಲ. ನೀನು ಫೋನಿನಲ್ಲಿ "ಆ ಕಾಗದ ನಾನು ಒಡೆದೇ ನೋಡ್ಲಿಲ್ಲ ಕಣೋ, ಅದಕ್ಕೇ ಹೋಯ್ತಾ?" ಎಂದು ಕೇಳಿದೆ. ನಾನು "ಹೂಂ ಅಕ್ಕ" ಎಂದೆ.

ಹೋದ ಸಲ ನಿನ್ನ ಮಗಳು ನಗುನಗುತ್ತಾ ಹೇಳಿದಳು, ಮೂರು ವರ್ಷದಿಂದ ಅಂಚೆಯವನು ತಿರುಗುವ ಮೊದಲೇ ಅಮ್ಮ ಬಾಗಿಲಲ್ಲಿ ನಿಂತು ಲಕೋಟೆ ಹರಿಯುತ್ತಾಳೆ, ಜಾಹೀರಾತಿನ ಕಾಗದವನ್ನೂ ಬಿಡುವುದಿಲ್ಲ ಎಂದು. ಇದನ್ನೂ ನೀನು ಹಾಗೇ ನಿಂತುಕೊಂಡು ಓದುತ್ತಿರುತ್ತೀಯ. ಒಳಗೆ ಹೋಗಿ ಕೂತುಕೋ ಅಕ್ಕ. ನೀನು ಒಡೆಯದ ಕಾಗದದಿಂದ ಏನೂ ಹೋಗಲಿಲ್ಲ.