ಮೇಲೆ ನಿಮ್ಮ ಕಾರು ಕ್ಷೇಮ

ಮನೆಯ ಗ್ಯಾರೇಜಿನಿಂದ,
ಭಾನುವಾರ, ಹದಿನಾಲ್ಕನೇ ತಾರೀಕು

ನನ್ನ ಯಜಮಾನರಿಗೆ,

ಕೆಮ್ಮು ಹೇಗಿದೆ? ಆ ಊರಿನ ಧೂಳಲ್ಲಿ ಕೆಲಸ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅಂದ್ರೆ ಕೇಳೋ ಜನ ಅಲ್ಲ ನೀವು. ಬಿಸಿನೀರಾದ್ರೂ ಕುಡೀರಿ. ಇಲ್ಲಿ ನಾನೂ ಅತ್ತೆಯೂ ಚೆನ್ನಾಗಿದ್ದೀವಿ. ಅತ್ತೆಯ ಮಂಡಿನೋವು ಎಲ್ಲಿ ಹೋಯ್ತೋ ಗೊತ್ತಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಅಂಗಾತ ಮಲಗಿ ಕಾರು ರಿಪೇರಿ ಮಾಡೋದು ಸಾಕಾಯ್ತು ಅಂತ ಆರ್ಡರ್ ಮಾಡಿ ಹೋಗಿದ್ರಲ್ಲ, ಕಾರನ್ನ ಮೇಲೆತ್ತೋ ಆ ಲಿಫ್ಟ್ ಬಂತು. ನಾಲ್ಕು ಕಬ್ಬಿಣದ ಕಂಬ, ನಡುವೆ ಕಾರು ನಿಲ್ಲೋಕೆ ಎರಡು ಉದ್ದನೆಯ ಹಲಗೆ. ನೆಲ ಕೊರೆದ ಧೂಳು ಇನ್ನೂ ನನ್ನ ಕೂದಲಲ್ಲಿದೆ. ನೀವು ಫೋನಲ್ಲಿ ಹೇಳಿದ್ದೆಲ್ಲ ಮಾಡಿಸಿದ್ದೀನಿ. ನೆಲ ಗಟ್ಟಿ ಇರಬೇಕು ಅಂದ್ರಿ, ಹಳೇದು ಒಡೆಸಿ ಹೊಸ ಕಾಂಕ್ರೀಟ್ ಹಾಕಿಸಿದೆ. ಮೀಟರಿನಿಂದ ನೇರವಾಗಿ ಬೇರೆ ಲೈನ್, ದಪ್ಪ ವೈರು ಅಂದ್ರಿ, ಎಳೆಸಿದೆ. ಪಕ್ಕದ ಮನೆ ಮಕ್ಕಳು ಮುಟ್ಟದ ಹಾಗೆ ಸ್ವಿಚ್ಚಿಗೆ ಬೀಗ ಅಂದ್ರಿ, ಅದೂ ಇದೆ. "ನೀನು ತಲೆ ಓಡಿಸಬೇಡ, ನಾನು ಹೇಳಿದಷ್ಟು ಮಾಡು" ಅಂದ್ರಲ್ಲ, ಅದೊಂದು ಮಾತ್ರ ನನ್ನ ಕೈಲಿ ಆಗಲಿಲ್ಲ.

ಯಾಕಂದ್ರೆ ಗ್ಯಾರೇಜಿಗೆ ಕಾಲಿಟ್ಟಾಗಲೆಲ್ಲ ನನಗೆ ಕಾಣೋದು ಆ ಕಿಟಕಿ ಪಕ್ಕದ ಮೂಲೆ. ಅತ್ತೆ ಕೈಯಾರೆ ನನಗೆ ಕೊಟ್ಟ ಹೊಲಿಗೆ ಮಿಷಿನ್ ಅಲ್ಲಿತ್ತು. ಹೊಸ ಕಾರು ಬಂದ ದಿನ ಒಂದು ಮಾತೂ ಕೇಳದೆ ಅದನ್ನ ಹಿತ್ತಲಿಗೆ ಎತ್ತಿ ಹಾಕಿದ್ರಿ. ಹೊಲಿಯೋದು ಎಲ್ಲಿ ಕೂತ್ರೂ ಆಗುತ್ತೆ, ಕಾರಿಗೆ ಜಾಗ ಬೇಕಲ್ಲ ಅಂದ್ರಿ. ಮಳೆ ಬರುತ್ತೆ ಕಣ್ರೀ ಅಂದೆ. "ಒಂದು ಪ್ಲಾಸ್ಟಿಕ್ ಹಾಳೆ ಹೊದಿಸು, ಏನೂ ಆಗಲ್ಲ" ಅಂದ್ರಿ. ಆಯ್ತು. ಚಕ್ರ ತುಕ್ಕು ಹಿಡಿದು ನಿಂತೇಬಿಟ್ಟಿತು. ಬಟ್ಟೆ ಹೊಲಿಸೋಕೆ ಬಂದೋರು ಬಾಗಿಲಿಂದಲೇ ವಾಪಸ್ ಹೋದ್ರು. ನೀವು ಮಾತ್ರ ಪ್ರತಿ ಭಾನುವಾರ ಗುನುಗಿಕೊಂಡು ಕಾರು ಒರೆಸ್ತಿದ್ರಿ. ಆ ಗುನುಗು ಕೇಳಿದಾಗ ನನ್ನ ಹೊಟ್ಟೆ ಎಷ್ಟು ಉರೀತಿತ್ತು ಅಂತ ನಿಮಗೆ ಗೊತ್ತೇ ಆಗಲಿಲ್ಲ. ಸಮಯ ಬರಲಿ ಅಂತ ಹಲ್ಲು ಕಚ್ಚಿಕೊಂಡಿದ್ದೆ.

ಬಂತು ನೋಡಿ! ಲಿಫ್ಟ್ ಕೂರಿಸೋಕೆ ಬಂದ ಫಿಟ್ಟರ್ ಕಾರನ್ನ ಮೇಲೆತ್ತಿ, ಅದರ ನೆತ್ತಿಗೂ ಚಾವಣಿಗೂ ಒಂದು ಗೇಣು ಬಿಟ್ಟು ನಿಲ್ಲಿಸಿದ. ನಾಲ್ಕೂ ಕಂಬದ ಕೊಕ್ಕೆಗಳು ಟಕ್ ಅಂತ ಕೂತವು. "ಇನ್ನು ಕರೆಂಟ್ ಬೇಡಮ್ಮಾ, ಕೊಕ್ಕೆ ಮೇಲೇ ಎಷ್ಟು ದಿನ ಬೇಕಾದ್ರೂ ನಿಲ್ಲುತ್ತೆ, ಕೆಳಗೆ ಇನ್ನೊಂದು ಕಾರು ನಿಲ್ಲಿಸಬಹುದು" ಅಂದ. ಅಷ್ಟಗಲ ಖಾಲಿ ಜಾಗ ನೋಡಿ, ಸುಳ್ಳು ಯಾಕೆ ಹೇಳಲಿ, ನನಗೆ ನಗು ತಡೆಯೋಕಾಗಲಿಲ್ಲ. ಇನ್ನೊಂದು ಕಾರು ಯಾರಿಗೆ ಬೇಕು? ಈಗ ಅಲ್ಲಿ ಬಾಡಿಗೆಗೆ ತಂದ ಎರಡು ಮೋಟಾರ್ ಮಿಷಿನ್, ಬಟ್ಟೆ ಕತ್ತರಿಸೋ ಮೇಜು, ಇಸ್ತ್ರಿಪೆಟ್ಟಿಗೆ ಇವೆ. ಎಲೆಕ್ಟ್ರಿಷಿಯನ್‌ಗೆ ಹೇಳಿ ಸ್ವಿಚ್ಚನ್ನ ಲಿಫ್ಟ್ ಕಡೆಯಿಂದ ಮಿಷಿನ್ ಕಡೆಗೆ ತಿರುಗಿಸಿ, ಬೀಗ ಹಾಕಿಸಿದೆ, ಈಗ ಲಿಫ್ಟಿಗೆ ಕರೆಂಟ್ ಇಲ್ಲ. ನಿಮ್ಮ ದಪ್ಪ ವೈರಲ್ಲಿ ಎಷ್ಟು ಚೆನ್ನಾಗಿ ಓಡ್ತಿವೆ ಅಂತೀರಿ! ಬಟ್ಟೆ ಮೇಲೆ ಎಣ್ಣೆ ಬೀಳಬಾರದು ಅಂತ ಕಾರಿನಡಿ ತಗಡು ಕಟ್ಟಿಸಿದ್ದೀನಿ. ಹತ್ತಿರದ ಶಾಲೆಯ ಯೂನಿಫಾರ್ಮ್ ಕೆಲಸ ಸಿಕ್ಕಿದೆ, ಗುಂಡಿ ಹಾಕೋದೆಲ್ಲ ಅತ್ತೆಯದೇ. ಮಂಡಿನೋವು ಓಡಿಹೋದದ್ದು ಹಾಗೆ. ಸೇಡು ತೀರಿಸಿಕೊಂಡ್ರೆ ರಾತ್ರಿ ಇಷ್ಟು ಒಳ್ಳೆ ನಿದ್ದೆ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ ಕಣ್ರೀ.

ಆರೋಗ್ಯ ಜೋಪಾನ. ಅತ್ತೆ ಆಶೀರ್ವಾದವನ್ನ ಸದ್ಯಕ್ಕೆ ಅರ್ಧ ಮಾತ್ರ ಕಳಿಸಿದ್ದಾರೆ. ನನ್ನ ನಮಸ್ಕಾರ ಪೂರ್ತಿ ಇದೆ.

ಇಂತಿ,
ತಲೆ ಓಡಿಸಿದ ನಿಮ್ಮ ಹೆಂಡತಿ

ಮರೆತಿದ್ದೆ: ಮುಂದಿನ ವಾರ ಬಂದು ಗೆಳೆಯರನ್ನೆಲ್ಲ ಕಾರಲ್ಲಿ ಸುತ್ತಿಸ್ತೀನಿ ಅಂದಿದ್ರಲ್ಲ. ಕಾರು ಇಳೀಬೇಕಾದ್ರೆ ಮೊದಲು ಚೂರು ಮೇಲೇಳಬೇಕಂತೆ, ಆಗಲೇ ಕೊಕ್ಕೆ ಬಿಡೋದು. ಅದಕ್ಕೆ ಕರೆಂಟ್ ಬೇಕು. ಸ್ವಿಚ್ಚಿನ ಕೀಲಿ ಅತ್ತೆಯ ಸೊಂಟದಲ್ಲಿದೆ, ನಾನು ಕೇಳಿದ್ರೂ ಕೊಡಲ್ಲ. "ಅವನು ಬರಲಿ. ನನ್ನ ಮಿಷಿನ್ ತುಕ್ಕು ತಾನೇ ಉಜ್ಜಿ, ಚಕ್ರ ತಿರುಗೋ ಹಾಗೆ ಮಾಡಿ, ತಾನೇ ಹೊತ್ತು ಅದರ ಮೂಲೇಲಿ ಇಡಲಿ. ಆಮೇಲೆ ನೋಡೋಣ" ಅಂತಾರೆ. ಅಲ್ಲೀವರೆಗೆ ಕಾರಿನ ಬಗ್ಗೆ ಯೋಚನೆ ಮಾಡಬೇಡಿ. ಧೂಳು ಕೂರಬಾರದು ಅಂತ ಹಿತ್ತಲಿನ ಅದೇ ಪ್ಲಾಸ್ಟಿಕ್ ಹಾಳೆ ತಂದು ಹೊದಿಸಿದ್ದೀನಿ. ಏನೂ ಆಗಲ್ಲ.