ದಾರಿ ತಪ್ಪಿ ಬಂದವರಿಗೆ ಬಿದ್ದ ಮತ

ಮಾನ್ಯ ಆರೋಗ್ಯ ಸಚಿವರೇ,

ಕಳೆದ ವಾರ ತುಂಬಿದ ಸಭೆಯಲ್ಲಿ ನೀವು ಒಬ್ಬ ಹೆಂಗಸಿನ ಕಥೆ ಹೇಳಿದಿರಿ. "ನಮ್ಮ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕವನ್ನ ದೊಡ್ಡ ನಗರಕ್ಕೆ ಸಾಗಿಸಿದ್ದು ತಪ್ಪು ಅಂತ ಕೆಲವರು ಕೂಗಾಡ್ತಾರೆ. ಅದೇ ಆಸ್ಪತ್ರೆಯ ಲಾಂಡ್ರೀಲಿ ಕೆಲಸ ಮಾಡ್ತಿದ್ದ ಒಬ್ಬ ತಾಯಿ, ಘಟಕ ಹೋದ ಮೇಲೂ ನನಗೇ ಓಟು ಹಾಕಿದ್ರು. ಕೊನೇ ಉಸಿರಿರೋವರೆಗೂ ನನ್ನ ಮೇಲಿನ ನಂಬಿಕೆ ಬಿಡಲಿಲ್ಲ" ಎಂದಿರಿ. ಚಪ್ಪಾಳೆ ಬಿತ್ತು. ನೀವು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿರಿ. ಟೀವಿಯವರು ಆ ಕರವಸ್ತ್ರವನ್ನು ಮತ್ತೆ ಮತ್ತೆ ತೋರಿಸಿದರು.

ಆ ತಾಯಿ ನನ್ನ ಅಕ್ಕ. ಆ ಕೊನೆಯ ಉಸಿರು ಎಲ್ಲಿ ಹೋಯಿತು, ಯಾಕೆ ಹೋಯಿತು ಎಂಬುದನ್ನು ಮಾತ್ರ ನೀವು ಸಭೆಗೆ ಹೇಳಲಿಲ್ಲ. ಆ ಘಟಕ ಇರಲಿಲ್ಲವಾದ್ದರಿಂದ ಅವಳು ಸತ್ತಳು. ಅದನ್ನು ನಿಮಗೆ ಹೇಳಿದವಳು ನಾನೇ, ನಿಮ್ಮ ಕಚೇರಿಯಲ್ಲಿ, ನಿಮ್ಮೆದುರು ಕೂತು ಅಳುತ್ತಾ. ನಾನು ದೂರು ಎಂದು ಕೊಟ್ಟದ್ದನ್ನು ನೀವು ಪ್ರಶಸ್ತಿಪತ್ರ ಎಂದು ಓದಿಬಿಟ್ಟಿರಿ. ಗಾಯದ ಮೇಲೆ ಬರೆ ಎಳೆಯುವುದು ಎಂದರೇನು ಎಂದು ಇಷ್ಟು ವರ್ಷ ಗಾದೆಯಲ್ಲಿ ಮಾತ್ರ ತಿಳಿದಿದ್ದೆ.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವಳು. ಜನ ತಮಗೇ ಕೇಡಾಗುವಂಥ ಆಯ್ಕೆಯನ್ನು ಯಾಕೆ ಮಾಡುತ್ತಾರೆ ಎಂಬ ಪಾಠ ಪ್ರತಿ ವರ್ಷವೂ ನನ್ನ ಪಾಲಿಗೆ ಬರುತ್ತದೆ. ಚುನಾವಣೆ ಮುಗಿದ ಮರುದಿನ ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಚಹಾ ಕುಡಿಯುತ್ತಾ ಎಲ್ಲರೂ ಹೇಳುವ ಮಾತು ಒಂದೇ: "ಜನ ದಡ್ಡರು ರೀ." ಸೋತ ಪಕ್ಷದವರೂ ಇದನ್ನೇ ಹೇಳುತ್ತಾರೆ. ಗೆದ್ದ ಪಕ್ಷದವರು "ಜನ ಬುದ್ಧಿವಂತರು" ಎನ್ನುತ್ತಾರೆ. ಐದು ವರ್ಷ ಬಿಟ್ಟು ಮಾತು ಅದಲುಬದಲಾಗುತ್ತದೆ, ಜನ ಮಾತ್ರ ಅವರೇ ಇರುತ್ತಾರೆ. ನಮ್ಮ ಬೀದಿಯ ಗಡಿಯಾರ ರಿಪೇರಿಯವರು ಪ್ರತಿ ಸಲವೂ ಗೆಲ್ಲುವವರು ಯಾರೆಂದು ವಿಚಾರಿಸಿಕೊಂಡು ಅವರಿಗೇ ಒತ್ತುತ್ತಾರೆ. ಕೇಳಿದರೆ, "ಸೋಲೋರಿಗೆ ಹಾಕಿ ಓಟು ಯಾಕೆ ದಂಡ ಮಾಡ್ಕೊಳ್ಲಿ?" ಎನ್ನುತ್ತಾರೆ. ನಗಬೇಡಿ. ನಾನು ಯಾರಿಗೆ ಹಾಕುತ್ತೇನೆ ಗೊತ್ತೇ? ನಮ್ಮಪ್ಪ ಹಾಕುತ್ತಿದ್ದ ಪಕ್ಷಕ್ಕೆ. ಹಾಕಿ ಬಂದ ಮೇಲೆ ಅದಕ್ಕೆ ಸೊಗಸಾದ ಕಾರಣಗಳನ್ನು ಜೋಡಿಸುತ್ತೇನೆ, ಮನೆ ಕಟ್ಟಿದ ಮೇಲೆ ಪಾಯ ತೋಡಿದ ಹಾಗೆ. ಓದಿದವರಿಗೂ ಓದದವರಿಗೂ ಇರುವ ವ್ಯತ್ಯಾಸ ಇಷ್ಟೇ, ನಮಗೆ ಕಾರಣಗಳನ್ನು ಚೆನ್ನಾಗಿ ಜೋಡಿಸಲು ಬರುತ್ತದೆ.

ಈಗ ನನ್ನ ಅಕ್ಕನ ಮತದ ವಿಷಯ. ಅದರ ಅರ್ಥ ನಿಮಗೆ ಆಗಿಲ್ಲವೆಂದೇ ಈ ಪತ್ರ.

ನೀವು ಮೊದಲ ಸಲ ಚುನಾವಣೆಗೆ ನಿಂತಾಗ ಆಸ್ಪತ್ರೆಗೆ ಬಂದಿದ್ದಿರಿ. ವಾರ್ಡು ಸುತ್ತಿದಿರಿ, ಹಸುಗೂಸನ್ನು ಎತ್ತಿಕೊಂಡಿರಿ, ಫೋಟೋ ತೆಗೆಸಿಕೊಂಡಿರಿ. ಅಲ್ಲಿಯತನಕ ಎಲ್ಲ ಅಭ್ಯರ್ಥಿಗಳೂ ಮಾಡುವುದೇ. ಆಮೇಲೆ ಒಬ್ಬರೇ ನೆಲಮಾಳಿಗೆಯ ಮೆಟ್ಟಿಲಿಳಿದು ಲಾಂಡ್ರಿಗೆ ಬಂದಿರಿ. ಅಲ್ಲಿಗೆ ಯಾರೂ ಬರುವುದಿಲ್ಲ ಸ್ವಾಮಿ. ಡಾಕ್ಟರರೂ ಬರುವುದಿಲ್ಲ. ಮೇಲಿನಿಂದ ಒಂದು ಕೊಳವೆಯಲ್ಲಿ ಕೊಳೆ ಬಟ್ಟೆ ಧೊಪ್ಪನೆ ಬೀಳುತ್ತದೆ, ಕೆಳಗಿನಿಂದ ತೊಳೆದದ್ದು ಗಾಡಿಯಲ್ಲಿ ಮೇಲೆ ಹೋಗುತ್ತದೆ. ಆ ಹಬೆಯಲ್ಲಿ, ಆ ಯಂತ್ರಗಳ ಸದ್ದಿನಲ್ಲಿ ಅಕ್ಕ ಮತ್ತು ಅವಳ ಜೊತೆಗಾತಿ, ನಾವೆಲ್ಲ ಗುಂಗುರಕ್ಕ ಎಂದು ಕರೆಯುವವಳು, ಮದುವೆಯಾದ ಹೊಸದರಿಂದ ದುಡಿದವರು. ದೊಡ್ಡ ಬೆಡ್‌ಶೀಟನ್ನು ಮಡಿಸಲು ಇಬ್ಬರು ಬೇಕು. ಅವತ್ತು ಗುಂಗುರಕ್ಕ ರಜೆ. ಬಾಗಿಲಲ್ಲಿ ತಬ್ಬಿಬ್ಬಾಗಿ ನಿಂತಿದ್ದ ನಿಮ್ಮನ್ನು ಅಕ್ಕ ಯಾರೋ ಹೊಸ ಕೆಲಸದವರು ಎಂದುಕೊಂಡಳಂತೆ. "ಸುಮ್ನೆ ಯಾಕೆ ನಿಂತಿದೀರ? ಆ ತುದಿ ಹಿಡ್ಕೊಳ್ಳಿ" ಎಂದಳು. ನೀವು ಹಿಡಿದಿರಿ. ಹೇಗೆ ಮಡಿಸುವುದೆಂದು ಗೊತ್ತಿಲ್ಲದೆ ಎಡವಟ್ಟು ಮಾಡಿದಿರಿ. ಅವಳು ನಕ್ಕಳು. ನೀವೂ ನಕ್ಕಿರಿ. ಮೂರ್ನಾಲ್ಕು ಶೀಟು ಮಡಿಸಿಕೊಟ್ಟು ಹೋದಿರಿ. ನೀವು ಯಾರೆಂದು ಅವಳಿಗೆ ತಿಳಿದದ್ದು ಆಮೇಲೆ.

ಅಷ್ಟೇ. ಅವಳ ಮತಕ್ಕೆ ಅಷ್ಟೇ ಕಾರಣ.

"ನಮ್ಮ ಜಾಗಕ್ಕೆ ಬಂದ್ರು ಕಣೇ. ಕೆಳಗಿಳಿದು ಬಂದ್ರು" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ನಮ್ಮ ಶಾಸ್ತ್ರದ ಪುಸ್ತಕಗಳು ಇದನ್ನು ದೊಡ್ಡ ಮಾತುಗಳಲ್ಲಿ ಹೇಳುತ್ತವೆ. ಸಣ್ಣ ಮಾತಿನಲ್ಲಿ ಹೇಳುವುದಾದರೆ, ಮನುಷ್ಯ ಯೋಜನೆಗಳನ್ನು ನೆನಪಿಟ್ಟುಕೊಳ್ಳುವುದಿಲ್ಲ, ಮುಖವನ್ನು ನೆನಪಿಟ್ಟುಕೊಳ್ಳುತ್ತಾನೆ. ತನ್ನನ್ನು ಕಂಡವರು ಯಾರು ಎಂಬುದನ್ನು ನೆನಪಿಟ್ಟುಕೊಳ್ಳುತ್ತಾನೆ. ನಿಮ್ಮ ಎದುರಾಳಿ ಗೇಟಿನ ಹೊರಗೆ ಧ್ವನಿವರ್ಧಕ ಕಟ್ಟಿ ಆಸ್ಪತ್ರೆಯ ಬಗ್ಗೆ ನಿಮಗಿಂತ ಒಳ್ಳೆಯ ಮಾತುಗಳನ್ನೇ ಆಡಿದರು. ನೆಲಮಾಳಿಗೆಗೆ ಅದು ಕೇಳಿಸಲಿಲ್ಲ.

ನೀವು ಗೆದ್ದಿರಿ, ಸಚಿವರಾದಿರಿ. ಎರಡನೇ ಚುನಾವಣೆಗೆ ಸ್ವಲ್ಪ ಮುಂಚೆ ನಮ್ಮ ತುರ್ತು ಘಟಕವನ್ನು "ಉತ್ತಮ ಸೇವೆಯ ಸಲುವಾಗಿ" ನಗರದ ಆಸ್ಪತ್ರೆಯಲ್ಲಿ ವಿಲೀನಗೊಳಿಸಿದಿರಿ. ಉತ್ತಮ ಸೇವೆ ಬೆಟ್ಟದ ಆಚೆ ಇತ್ತು, ರೋಗಿಗಳು ಈಚೆ ಇದ್ದರು. ಲಾಂಡ್ರಿಯಲ್ಲಿ ಒಂದು ಪದ್ಧತಿಯಿದೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಶೀಟಿನ ಅಂಚಿಗೆ ಒಂದೊಂದು ವಾರ್ಡಿಗೆ ಒಂದೊಂದು ಬಣ್ಣದ ದಾರ ಹೊಲಿದಿರುತ್ತಾರೆ. ಮಕ್ಕಳ ವಾರ್ಡಿಗೆ ಹಳದಿ, ಹೆರಿಗೆಗೆ ಹಸಿರು, ಎಮರ್ಜೆನ್ಸಿಗೆ ನೀಲಿ. ಘಟಕ ಮುಚ್ಚಿದ ಮೇಲೆ ನೀಲಿ ಅಂಚಿನ ಶೀಟುಗಳ ದಾರವನ್ನೆಲ್ಲ ಬಿಚ್ಚಿ ಬೇರೆ ಬಣ್ಣ ಹೊಲಿಯಿರಿ ಎಂದು ಮೇಲಿನಿಂದ ಹೇಳಿದರು. ಅಕ್ಕ ಆ ಕೆಲಸವನ್ನು ಮನೆಗೂ ತರುತ್ತಿದ್ದಳು. ಅಡುಗೆಮನೆಯ ಮೇಜಿನ ಮುಂದೆ ಕೂತು ಪುಟ್ಟ ಬ್ಲೇಡಿನಿಂದ ನೀಲಿ ದಾರ ಎಳೆಯುತ್ತಿದ್ದಳು. ನಾನು ಎದುರಿಗೆ ಕೂತು ವಾದ ಮಾಡುತ್ತಿದ್ದೆ.

"ಇದನ್ನ ಬಿಚ್ಚಿಸ್ತಿರೋದು ಯಾರು ಗೊತ್ತೇನೇ?"

"ಗೊತ್ತು."

"ಆದ್ರೂ ಅವರಿಗೇ ಹಾಕ್ತೀಯ?"

"ಅವರು ಕೆಟ್ಟವರಲ್ಲ ಕಣೇ. ಸುತ್ತ ಇರೋರು ಸರಿಯಿಲ್ಲ. ಅವರಿಗೆ ಯಾರೋ ತಪ್ಪು ಹೇಳಿರ್ತಾರೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ರೇಗಿದೆ. ಅವಳು ದಾರದಿಂದ ಕಣ್ಣೆತ್ತಲಿಲ್ಲ. ಒಮ್ಮೆ ಮನಸ್ಸು ಕೊಟ್ಟ ಮೇಲೆ, ಕೊಟ್ಟದ್ದು ತಪ್ಪು ಎಂದು ಒಪ್ಪುವುದು ಎಷ್ಟು ಕಷ್ಟ ಎಂದು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ಆ ವ್ಯಕ್ತಿ ತಪ್ಪು ಎಂದರೆ, ಆ ದಿನ ತಾನು ಕಂಡದ್ದು ತಪ್ಪು, ಅಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಖುಷಿಪಟ್ಟದ್ದು ತಪ್ಪು ಎಂದಾಗುತ್ತದೆ. ಬಾಳಿನಲ್ಲಿ ಯಾರೋ ದೊಡ್ಡವರು ತನ್ನನ್ನು ಲೆಕ್ಕಕ್ಕೆ ತೆಗೆದುಕೊಂಡರು ಎನ್ನಿಸಿದ್ದು ಅದೊಂದೇ ಸಲ. ಅದನ್ನು ಯಾರು ಬಿಟ್ಟುಕೊಟ್ಟಾರು?

ಅವಳನ್ನು ಬದಲಿಸಲೇಬೇಕೆಂದು ನಾನು ಹಟ ಹಿಡಿದೆ. ಆಸ್ಪತ್ರೆಯ ಹಳೆಯ ವಾಚ್‌ಮನ್‌ನನ್ನು ವಿಚಾರಿಸಿದೆ. "ಅವತ್ತಾ? ಸಾಹೇಬ್ರು ಹಿಂದಿನ ಬಾಗಿಲು ಹುಡುಕ್ತಿದ್ರು ಮೇಡಂ. ಮುಂದ್ಗಡೆ ಅಹವಾಲು ಹಿಡ್ಕೊಂಡು ಜನ ನಿಂತಿದ್ರಲ್ಲ, ತಪ್ಪಿಸ್ಕೊಂಡು ಹೋಗೋಣ ಅಂತ. ಮೆಟ್ಟಿಲು ತಪ್ಪಿ ಕೆಳಗಿಳಿದ್ಬಿಟ್ರು" ಎಂದ. ನನಗೆ ಗೆದ್ದಷ್ಟು ಸಂತೋಷವಾಯಿತು. ಓಡಿ ಬಂದು ಅಕ್ಕನಿಗೆ ಹೇಳಿದೆ. "ನಿನ್ನ ನೋಡೋಕೆ ಬಂದಿದ್ದಲ್ಲ ಕಣೇ ಅವರು. ದಾರಿ ತಪ್ಪಿ ಬಂದಿದ್ದು!"

ಅಕ್ಕ ಬ್ಲೇಡನ್ನು ಮೇಜಿನ ಮೇಲಿಟ್ಟಳು. ಬಿಚ್ಚಿದ ದಾರದ ಎಳೆಗಳನ್ನು ಅಂಗೈಗೆ ಗುಡಿಸಿಕೊಳ್ಳುತ್ತಾ ಹೇಳಿದಳು: "ಹೌದಾ? ಹೋಗ್ಲಿ ಬಿಡು. ದಾರಿ ತಪ್ಪಿಯಾದ್ರೂ ಬಂದ್ರಲ್ಲ. ಉಳಿದೋರು ದಾರಿ ತಪ್ಪಿಯೂ ಬರಲಿಲ್ಲ."

ಮಾನ್ಯರೇ, ಮತದಾನದ ದಿನ ಬಂತು. ಅವಳು ಮತ ಹಾಕಿ ಬಂದಳು. ಬೆರಳಿನ ಶಾಯಿಯನ್ನು ನನಗೆ ತೋರಿಸದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಕೆಲವು ತಿಂಗಳ ಮೇಲೆ, ಮಧ್ಯಾಹ್ನ, ಶೀಟು ಮಡಿಸುತ್ತಿದ್ದಾಗಲೇ ಅವಳಿಗೆ ಎದೆನೋವು ಬಂತು. ಎಲ್ಲಿ? ಆಸ್ಪತ್ರೆಯೊಳಗೇ. ತುರ್ತು ಘಟಕವಿದ್ದ ಕೊಠಡಿಯ ನೇರ ಕೆಳಗೆ. ಎರಡು ಸುತ್ತು ಮೆಟ್ಟಿಲು ಹತ್ತಿದ್ದರೆ ಸಾಕಿತ್ತು. ಆದರೆ ಆ ಕೊಠಡಿಯಲ್ಲಿ ಈಗ ಮುರಿದ ಮಂಚಗಳನ್ನು ಪೇರಿಸಿ ಬೀಗ ಹಾಕಿದ್ದಾರೆ. ಕಣ್ಣಿನ ಡಾಕ್ಟರರು ಓಡಿ ಬಂದರು, ಪಾಪ, ತಮಗೆ ತಿಳಿದದ್ದನ್ನು ಮಾಡಿದರು. ನಗರದ ಆಸ್ಪತ್ರೆಗೆ ಹೊರಟ ಆಂಬುಲೆನ್ಸಿನಲ್ಲಿ ಗುಂಗುರಕ್ಕ ಜೊತೆಗಿದ್ದಳು. ಅಕ್ಕನನ್ನು ಮಲಗಿಸಿದ್ದ ಶೀಟಿನ ಅಂಚನ್ನು ಅಕ್ಕನೇ ಬೆರಳಲ್ಲಿ ಸವರಿ ನೋಡಿದಳಂತೆ. ಹಸಿರು ದಾರದ ಪಕ್ಕದಲ್ಲಿ ಹಳೆಯ ನೀಲಿ ಹೊಲಿಗೆಯ ತೂತುಗಳು ಕೈಗೆ ತಾಗುತ್ತಿದ್ದವು. ದಾರ ಬಿಚ್ಚಿದರೆ ದಾರ ಹೋಗುತ್ತದೆ, ಸೂಜಿಯ ತೂತು ಉಳಿಯುತ್ತದೆ. "ಇದು ನಾನೇ ಬಿಚ್ಚಿದ್ದು ಕಣೇ" ಎಂದಳಂತೆ. ಬೆಟ್ಟದ ತಿರುವುಗಳು ಇನ್ನೂ ಮುಗಿದಿರಲಿಲ್ಲ, ಅವಳು ಮುಗಿದಳು.

ಇದನ್ನೆಲ್ಲ ಹೇಳಲು ನಾನು ನಿಮ್ಮ ಕಚೇರಿಗೆ ಬಂದೆ. ನೀವು ಬಾಗಿಲು ಮುಚ್ಚಿಸಿ, ನನಗೆ ನೀರು ಕೊಡಿಸಿ, ಮೆಲ್ಲಗೆ ಹೇಳಿದ್ದು ಮರೆತಿರಾ? "ಮೇಡಂ, ಘಟಕ ಮುಚ್ಚಿದ್ದು ತಪ್ಪು ಅಂತ ನನಗೂ ಗೊತ್ತು. ಮುಚ್ಚಿದ ಮೊದಲ ತಿಂಗಳಲ್ಲೇ ಗೊತ್ತಾಯ್ತು. ಆದ್ರೆ ಈಗ ಹಿಂದೆ ಸರಿದ್ರೆ ಜನ ಏನಂತಾರೆ? ಹೇಳಿದ ಮಾತಿಗೆ ನಿಲ್ಲೋದಿಲ್ಲ ಅಂತಾರೆ." ಆಗ ನನಗೆ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ. ಅಯ್ಯೋ, ಇವರೂ ನಮ್ಮಕ್ಕನ ಹಾಗೆಯೇ ಎನ್ನಿಸಿತು. ಹಿಡಿದದ್ದನ್ನು ಬಿಡಲಾಗದವರು. ಮತದಾರರು ವಿಚಾರವಿಲ್ಲದೆ ಮತ ಹಾಕುತ್ತಾರೆ ಎನ್ನುವವರು ಆಳುವವರ ಮನಸ್ಸನ್ನೂ ಒಮ್ಮೆ ಬಿಚ್ಚಿ ನೋಡಬೇಕು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು. ತಪ್ಪು ಎಂದು ಗೊತ್ತಾದಷ್ಟೂ ಹಿಡಿತ ಬಿಗಿಯಾಗುತ್ತದೆ. ಅದರ ಮೇಲೆ ಚುನಾವಣೆಯಲ್ಲೂ ಗೆದ್ದುಬಿಟ್ಟರೆ ಕೇಳುವುದೇ ಬೇಡ, ಬಿದ್ದ ಪ್ರತಿಯೊಂದು ಮತವೂ ತನ್ನ ಪ್ರತಿಯೊಂದು ತಪ್ಪಿಗೂ ರುಜು ಹಾಕಿದೆ ಎಂದೇ ಕಾಣುತ್ತದೆ.

ಆದರೆ ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಟ್ಟು ನಿಮ್ಮನ್ನು ಕ್ಷಮಿಸಲಾರೆ. ಅಕ್ಕ ತನ್ನ ಹಟಕ್ಕೆ ತನ್ನ ಜೀವವನ್ನೇ ತೆತ್ತಳು. ನಿಮ್ಮ ಹಟಕ್ಕೂ ಅವಳೇ ತೆತ್ತಳು. ನೀವು ಏನು ತೆತ್ತಿರಿ? ಒಂದು ಕರವಸ್ತ್ರ ಒದ್ದೆಯಾಯಿತು.

ಅವಳ ಮತ ನಿಮ್ಮ ನಿರ್ಧಾರಕ್ಕೆ ಕೊಟ್ಟ ಒಪ್ಪಿಗೆಯಲ್ಲ. ಅದು ನಾಲ್ಕು ಶೀಟು ಮಡಿಸಿಕೊಟ್ಟದ್ದಕ್ಕೆ ಹೇಳಿದ ಥ್ಯಾಂಕ್ಸ್. ಒಬ್ಬ ಹೆಂಗಸು ಅಷ್ಟು ಸಣ್ಣದಕ್ಕೆ ಅಷ್ಟು ದೊಡ್ಡದನ್ನು ಕೊಟ್ಟಳೆಂದರೆ ಅದು ಅವಳ ದಡ್ಡತನವೇ? ಅಥವಾ ಅಷ್ಟು ಸಣ್ಣದೂ ಅವಳಿಗೆ ಬೇರೆ ಯಾರಿಂದಲೂ ಸಿಗದ ಹಾಗೆ ನಾವೆಲ್ಲ ಬಾಳಿದ್ದೇವೆಯೇ? ನನಗೆ ನನ್ನ ಅಕ್ಕ ಬೇಕು. ಅವಳೊಡನೆ ಇನ್ನೊಂದು ಸಲ ಜಗಳವಾಡಬೇಕು, ಮತ್ತೆ ಸೋಲಬೇಕು.

ಅದು ಆಗದ ಮಾತು. ಆಗುವ ಮಾತು ಕೇಳುತ್ತೇನೆ. ಸಭೆಯಲ್ಲಿ ಆಡಿದ ಆ ಮಾತನ್ನು ಸಭೆಯಲ್ಲೇ ವಾಪಸು ತೆಗೆದುಕೊಳ್ಳಿ. ಅವಳು ಹೇಗೆ ಸತ್ತಳೆಂದು ಅದೇ ಮೈಕಿನಲ್ಲಿ ಹೇಳಿ. ಆ ಕೊಠಡಿಯ ಬೀಗ ತೆಗೆಸಿ, ಮುರಿದ ಮಂಚ ಹೊರಗೆ ಹಾಕಿಸಿ, ತುರ್ತು ಘಟಕವನ್ನು ಮತ್ತೆ ತೆರೆಯಿರಿ. ಜನ ಏನಂತಾರೆ ಎಂದು ಹೆದರಬೇಡಿ. ದಾರಿ ತಪ್ಪಿ ಬಂದವರನ್ನೇ ಕ್ಷಮಿಸಿದ ಜನ ನಾವು, ತಪ್ಪಿದ ದಾರಿಯಿಂದ ಹಿಂದಕ್ಕೆ ಬಂದವರನ್ನು ಬೈಯುತ್ತೇವೆಯೇ?

ಬೀಗ ತೆಗೆದ ದಿನ ಒಮ್ಮೆ ನೆಲಮಾಳಿಗೆಗೂ ಇಳಿದು ಬನ್ನಿ. ದಾರಿ ಗೊತ್ತಿಲ್ಲದಿದ್ದರೆ ವಾಚ್‌ಮನ್‌ ತೋರಿಸುತ್ತಾನೆ. ಅಕ್ಕನ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ಗುಂಗುರಕ್ಕ ಶೀಟಿನ ಒಂದು ತುದಿಯನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು ಒಬ್ಬಳೇ ಮಡಿಸುತ್ತಾಳೆ. ಇನ್ನೊಂದು ತುದಿ ನೆಲಕ್ಕೆ ತಾಗುತ್ತದೆ, ಮತ್ತೆ ಒಗೆಯಬೇಕಾಗುತ್ತದೆ. ನೀವು ಬಂದರೆ ಆ ತುದಿ ಹಿಡಿದುಕೊಳ್ಳಿ. ದಾರಿ ತಪ್ಪಿ ಬಂದವರಿಗೇ ನನ್ನ ಅಕ್ಕ ಅಷ್ಟು ಕೊಟ್ಟಳು. ಬೇಕೆಂದೇ ಬಂದಿದ್ದರೆ ಇನ್ನೆಷ್ಟು ಕೊಡುತ್ತಿದ್ದಳೋ, ನನಗೆ ಗೊತ್ತಿಲ್ಲ.

ಇಂತಿ,
ನಿಮಗೆ ಎಂದೂ ಮತ ಹಾಕದ,
ಹಾಕಿದವಳ ತಂಗಿ