ಬೆಳಕು ಕೊರೆದ ತಗಡು

೧೪ ಫೆಬ್ರವರಿ ೧೯೬೮, ಬುಧವಾರ. ಆನಂದಪುರ.

ರಾತ್ರಿ ಒಂಬತ್ತೂವರೆ. ಅಪ್ಪ ಹೋಗಿ ತಿಂಗಳಾಯಿತೆಂದು ಇವತ್ತು ಎಡೆ ಇಟ್ಟೆವು. ಅದಕ್ಕೆಂದೇ ಬೊಂಬಾಯಿಯಿಂದ ಬಂದಿರುವ ತಮ್ಮ ಜಟ್ಟಪ್ಪ, ಉಕ್ಕಿನ ತಗಡೊಂದನ್ನು ನನ್ನ ಅಂಗೈಯಲ್ಲಿಟ್ಟ. ಅದರಲ್ಲಿ ಸಾಸಿವೆಗಿಂತ ಸಣ್ಣ ತೂತು.

"ಬೆಂಕಿ ಮುಟ್ಟಿಸಿಲ್ಲ ಅಕ್ಕಾ, ಬರೀ ಬೆಳಕು. ಲೇಸರ್ ಅಂತಾರೆ. ರೆಪ್ಪೆ ಬಡಿಯೋದ್ರೊಳಗೆ ಉಕ್ಕು ಆವಿಯಾಗುತ್ತೆ. ಅಂಥ ಕಾವಿನಲ್ಲಿ ಲೋಹ ಏನಾಗುತ್ತೆ ಅಂತ ನೋಡೋದೇ ನಮ್ಮ ಪ್ರಯೋಗಾಲಯದ ಕೆಲಸ."

"ಅಪ್ಪನ ಕುಲುಮೆ ಬೇಡ ಅಂತ ಓಡಿಹೋದವನು ಅದಕ್ಕಿಂತ ದೊಡ್ಡ ಕುಲುಮೆಗೇ ಸೇರಿದೀಯ ಬಿಡು" ಅಂದೆ. ನಕ್ಕ.

ಊಟಕ್ಕೆ ಬಡಿಸುವಾಗ ಗಮನಿಸಿದೆ. ಅವನು ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನನ್ನನ್ನು ನೋಡುತ್ತಿದ್ದ. ಕುಲುಮೆಯ ಬೆಂಕಿ ನೋಡಿ ನೋಡಿ ಕಣ್ಣು ಹಾಳಾದ ಮೇಲೆ ಅಪ್ಪ ನೋಡುತ್ತಿದ್ದದ್ದೂ ಹೀಗೇ. ಸೌಟು ಕೆಳಗಿಟ್ಟು ಕೇಳಿದೆ.

"ನೇರ ನೋಡಿದ್ರೆ ನಾನು ಕಾಣ್ತೀನೇನೋ?"

"ನಿನ್ನ ಮುಖದ ಜಾಗದಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತೆ. ಒಂದ್ಸಲ ಲೇಸರ್ ಬೆಳಕು ತಡೆಯೋ ಕನ್ನಡಕ ಹಾಕೋದು ಮರೆತಿದ್ದೆ, ಕಣ್ಣಿಗೆ ಬಡೀತು. ಅಲ್ಲಿ ಯಾರಿಗೂ ಹೇಳಿಲ್ಲ ಅಕ್ಕಾ, ಹೇಳಿದ್ರೆ ಕೆಲಸ ಬಿಡಿಸ್ತಾರೆ."

ಅಪ್ಪನೂ ಯಾರಿಗೂ ಹೇಳಿರಲಿಲ್ಲ. ಆದರೆ ಅಪ್ಪನ ಕಣ್ಣು ಹೋಗಲು ಜೀವಮಾನವೆಲ್ಲ ಹಿಡಿಯಿತು. ಇವನು ಇನ್ನೊಂದು ಸಲ ಮರೆತರೆ? ಡಾಕ್ಟರ ಹತ್ತಿರ ಹೋಗೋಣ ಅಂದರೆ ರಜೆ ಇಲ್ಲ ಅನ್ನುತ್ತಾನೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾನೆ.